ಸಮುದ್ರಕ್ಕಿಂತ ಮೊದಲೇ ಉಪ್ಪಾದ ಗುಂಡಿ

ನನ್ನ ಹೆಸರು ಲೋಸಾ, ಗಂಡ ದಿವಂಗತ ಪಾನಪಾ, ವಯಸ್ಸು 58 ವರ್ಷ, ಕೆಲಸ ಪುಲಾಕ ಗೆಡ್ಡೆ ಬೆಳೆಯುವುದು ಮತ್ತು ಚಾಪೆ ಹೆಣೆಯುವುದು, ವಾಸ ಫಲೆತೋಕ ಹಳ್ಳಿ, ತುವಾಲು. ಈ ದಿನ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಹಳ್ಳಿಯ ಹಿಂದೆ ನನ್ನ ಅಪ್ಪ ತೋಡಿದ ಪುಲಾಕ ಗುಂಡಿಯಿದೆ. ಅದರ ತಳದಲ್ಲಿ ಸಿಹಿನೀರು ಜಿನುಗುತ್ತದೆ, ಪುಲಾಕ ಬದುಕುವುದು ಆ ನೀರಿನಲ್ಲೇ. ಅದರಲ್ಲಿನ ದೊಡ್ಡ ಗಿಡವನ್ನು ನನ್ನ ಗಂಡ ನಮ್ಮ ಮಗಳು ವಾಯಿಲೆಯ ಮದುವೆಯ ಊಟಕ್ಕೆಂದು ನೆಟ್ಟು, ಸಾಯುವವರೆಗೂ ಎಲೆಗೊಬ್ಬರ ಹಾಕಿ ಸಾಕಿದ್ದರು. ಆಮೇಲೆ ನಾನು ಸಾಕಿದೆ. ಮದುವೆ ಬರುವ ಡಿಸೆಂಬರಿನಲ್ಲಿದೆ.

ಈ ವರ್ಷ ನಮ್ಮಲ್ಲಿ ಸಮಾರಂಭಗಳ ಕಾಟ ಅತಿಯಾಗಿತ್ತು. ಫೆಬ್ರವರಿಯಲ್ಲಿ ಕಡಲ ತಡೆಗೋಡೆಗೆ ಅಡಿಗಲ್ಲು ಹಾಕಿದರು. ಗೋಡೆ ಇನ್ನೂ ಬಂದಿಲ್ಲ, ಕಲ್ಲಿನ ಮೇಲೆ ಕೋಳಿ ಕೂರುತ್ತದೆ. ಮೇ ತಿಂಗಳಲ್ಲಿ ಹೊರದೇಶದ ಹಡಗು ಬಂತು, ಕುಣಿದೆವು. ಸ್ವಾತಂತ್ರ್ಯ ದಿನಕ್ಕೆ ಮತ್ತೆ ಕುಣಿದೆವು. ಪ್ರತಿ ಸಲವೂ ಊಟಕ್ಕೆ ನನ್ನ ಗುಂಡಿಯಿಂದ ಗೆಡ್ಡೆ ಹೋಯಿತು. ದೊಡ್ಡದನ್ನು ಮಾತ್ರ ಮುಟ್ಟಲು ಬಿಡಲಿಲ್ಲ.

ನವೆಂಬರ್ 12ರಂದು ಮುಳುಗುವ ದ್ವೀಪದ ಚಿತ್ರ ತೆಗೆಯಲು ಹೊರದೇಶದವರು ಬಂದರು. ಅವರ ಅನುಕೂಲಕ್ಕೆ ಸಮುದ್ರ ಉಕ್ಕಲಿಲ್ಲ. ಹಳ್ಳಿಯ ಸಮಾರಂಭ ಸಮಿತಿಯ ಕಾರ್ಯದರ್ಶಿ ಮಲೊಫೊ ನನ್ನ ತಂಗಿಯ ಮಗ. ಅವನು ರಾಜಧಾನಿಯಲ್ಲಿ ಅನ್ನ, ಡಬ್ಬಿ ಮೀನು ತಿಂದು ಬೆಳೆದವನು. ಮರುದಿನ ಬೆಳಿಗ್ಗೆ 9 ಗಂಟೆಗೆ ನಾನು ಹೋಗಿ ನೋಡಿದಾಗ ಅವನು ದೋಣಿಯ ಪಂಪು ಹಚ್ಚಿ ಕಡಲ ನೀರನ್ನು ನನ್ನ ಗುಂಡಿಗೆ ಬಿಡುತ್ತಿದ್ದನು. ಹೊರದೇಶದ ಅತಿಥಿಯೊಬ್ಬರು ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ದೊಡ್ಡ ಗಿಡದ ದಂಟು ಅವರ ಕಾಲಡಿ ಮುರಿದಿತ್ತು. ನನಗೆ ಹೇಸಿಗೆಯಾಯಿತು.

ಪಂಪು ನಿಲ್ಲಿಸು ಎಂದು ಕೂಗಿದೆ. ಮಲೊಫೊ ನಕ್ಕು, "ಯಾಕ್ ದೊಡ್ಡಮ್ಮ ಹಿಂಗ್ ಬಾಯಿ ಬಡ್ಕೋತೀಯಾ? ಹೆಂಗಿದ್ರೂ ಸಮುದ್ರ ಬರೋದೇ ತಾನೆ, ನಾವು ಒಂಚೂರು ಮುಂಚೆ ಕರ್ಕೊಂಡ್ ಬಂದ್ವಿ. ಸಾಯಂಕಾಲ ಇದೇ ಪಂಪಲ್ಲಿ ನೀರೆಲ್ಲ ತೆಗ್ದುಬಿಡ್ತೀನಿ" ಎಂದನು. ನೀರು ತೆಗೆದರೆ ಉಪ್ಪೂ ಹೋಗುತ್ತದೆಂದು ಅವನು ನಿಜವಾಗಿಯೂ ನಂಬಿದ್ದನು. "ಥೂ! ನಿನ್ ತಾತ ತೋಡಿದ್ ಗುಂಡಿ ಕಣೋ ಇದು" ಎಂದು ನಾನು ಅತ್ತೆ. ಕ್ಯಾಮೆರಾ ನನ್ನ ಕಡೆ ತಿರುಗಿತು. "ಚೆನ್ನಾಗ್ ಬರ್ತಿದೆ, ಹಂಗೇ ಇರು ದೊಡ್ಡಮ್ಮ" ಎಂದನು. ಈ ಮಾತು ಬರೆಯುವುದು ಬೇಡವೆಂದು ಪೇದೆಯವರು ಹೇಳಿದರು. ಬೇಕೇ ಬೇಕೆಂದು ಬರೆಸಿದ್ದೇನೆ.

ಈಗ ಎಲೆಗಳೆಲ್ಲ ಹಳದಿಯಾಗಿವೆ. ನಿನ್ನೆ ದೊಡ್ಡ ಗೆಡ್ಡೆಯನ್ನು ಅಗೆದು ತೆಗೆದೆ. ಒತ್ತಿದರೆ ಬೆರಳು ಒಳಗೆ ಹೋಗುತ್ತದೆ, ನಾರುತ್ತದೆ. ವಾಯಿಲೆ ನೋಡಿ, "ಅನ್ನ ಮಾಡಿದ್ರಾಯ್ತು ಬಿಡಮ್ಮ" ಎಂದು ಮುಖ ತಿರುಗಿಸಿಕೊಂಡಳು.

ಫೆಬ್ರವರಿಯ ದೊಡ್ಡ ಉಬ್ಬರಕ್ಕೆ ಸಮುದ್ರ ನಿಜವಾಗಿಯೂ ಬರುತ್ತದೆ, ನನ್ನ ಗುಂಡಿಗೂ ಬರಬಹುದು. ಆಗ ಸಮಿತಿಯವರು ಎಲ್ಲವನ್ನೂ ಅದರ ತಲೆಗೆ ಕಟ್ಟುತ್ತಾರೆ. ಸಮುದ್ರ ಮಾಡಿದ್ದು ಸಮುದ್ರಕ್ಕಿರಲಿ. ಇದು ನನ್ನ ತಂಗಿಯ ಮಗ ಮಾಡಿದ್ದು ಎಂದು ಉಬ್ಬರ ಬರುವ ಮೊದಲೇ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೇಲೆ ಬರೆಸಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು. ಓದಿಸಿ ಕೇಳಿದ್ದೇನೆ, ಸತ್ಯವಾಗಿದೆ.

ಸ್ಥಳ: ಫಲೆತೋಕ ಠಾಣೆ
ದಿನಾಂಕ: ನವೆಂಬರ್ 27
(ಸಹಿ) ಲೋಸಾ ಪಾನಪಾ