ಒಂದು ವರ್ಷದ ಮಾತು

ಹೊರದೇಶದ ಜಾರ್ಜ್‌ಟೌನ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಚಿರಂತನನ ಕಿವಿಗೆ ಊರಿನ ಕನ್ನಡ ಬಿತ್ತು. ಪಕ್ಕದಲ್ಲಿ ಗಂಡ ಹೆಂಡತಿ, ನಡುವೆ ದೊಡ್ಡ ಸೂಟ್‌ಕೇಸು.

"ನೀನು ಆ ದೇಶಕ್ಕೆ ಕೆಲಸಕ್ಕೆ ಹೋಗಿ ಮೂರು ಚಳಿಗಾಲ ಆಯ್ತು ಕೃತಿ. ಆ ಊರಿಗೆ ಬಿಸಿನೀರಿನ ಪೈಪು ಹಾಕ್ಲಿಕ್ಕೆ ಎಷ್ಟು ಸಮಯ ಮಾರಾಯ್ತಿ?"

"ಈಗಿರುವುದು ಸೋವಿಯತ್ ಕಾಲದ ಪೈಪು. ಮನೆ ಬೆಚ್ಚಗೆ ಮಾಡ್ಲಿಕ್ಕೆ ಬರುವ ನೀರು ಮುಟ್ಟುವಾಗ ಬಿಸಿಯೇ ಇರುವುದಿಲ್ಲ. ಬ್ಯಾಂಕು ಲೋನಿಗೆ ರೆಡಿ ಉಂಟು. ಆದ್ರೆ ಹದಿನೈದು ವರ್ಷ ಕಟ್ತೇವೆ ಅಂತ ನಗರಸಭೆ ಸಹಿ ಹಾಕ್ಬೇಕು. ಅಲ್ಲಿನ ಕಾನೂನಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿಗೆ ಮಾತು ಕೊಡುವ ಹಾಗಿಲ್ಲ."

"ಒಂದು ವರ್ಷದ ಮಾತನ್ನು ನಂಬಿ ಸಾಲ ಯಾರು ಕೊಡ್ತಾರೆ?"

"ಅದಕ್ಕೇ ತಿದ್ದುಪಡಿ. ಇನ್ನೊಂದೇ ವರ್ಷ ಮಾರಾಯ್ರೇ."

"ನೀನು ಸಹ ನಂಗೆ ವರ್ಷ ವರ್ಷಕ್ಕೇ ಅಲ್ವಾ ಮಾತು ಕೊಡುವುದು?"

ಕೃತಿ ಸೂಟ್‌ಕೇಸನ್ನು ಹಿಂದೆ ಮುಂದೆ ಉರುಳಿಸಿದಳು.

"ತಿದ್ದುಪಡಿ ಪಾಸಾಗದಿದ್ರೆ ಬಿಟ್ಟು ಬರ್ತೇನೆ."

"ಪಾಸಾದ್ರೆ?"

"ಪೈಪು ಹಾಕಿಸ್ಲಿಕ್ಕೆ ಯಾರಾದ್ರೂ ಅಲ್ಲಿ ಇರ್ಬೇಕಲ್ಲ."

ರೈಲು ಬಂತು. ಗಂಡ ಸೂಟ್‌ಕೇಸನ್ನು ಎತ್ತಿ ಒಳಗಿಟ್ಟು ಕೆಳಗಿಳಿದ.

"ಹಾಗಾದ್ರೆ ಪಾಸಾಗದಿರಲಿ ಅಂತ ನಾನು ದೈವಕ್ಕೆ ಹರಕೆ ಹೇಳುವುದಾ? ಅಲ್ಲಿನ ಮಕ್ಕಳು ಚಳಿಗೆ ನಡುಗಲಿ ಅಂತ?"

ಬಾಗಿಲು ಮುಚ್ಚಿತು. ಚಿರಂತನನ ಎದುರು ಕೂತ ಕೃತಿ, ಬೋಗಿ ಬೆಚ್ಚಗಿದ್ದರೂ ಕೈಗವಸು ಬಿಚ್ಚಲಿಲ್ಲ.