ಚೆಕ್ಕಿನ ಮೂಲೆಯ ಬರಹ

ಆಸ್ಟ್ರೇಲಿಯಾದ ಜೀಲಾಂಗ್‌ನ ಬ್ಯಾಂಕಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ಸರದಿಗೆ ನಿಂತಿದ್ದರು. ತಂಗಿಯ ಕೈಯಲ್ಲಿ ಅಮೆರಿಕದ ಚೆಕ್ಕು.

“ಇಲ್ಲಿ ಚೆಕ್ಕು ಯಾರು ತಗೋತಾರೇ ಈಗ? ಬಾಡಿಗೆ ಫೋನಲ್ಲೇ ಹಾಕು ಅನ್ನು ಅವಳಿಗೆ.”

“ಕ್ಲೀವ್‌ಲ್ಯಾಂಡ್ ಮನೇಲಿ ಬಾಡಿಗೆಗಿರೋಳು ಇನ್ನೂ ಚೆಕ್ಕೇ ಬರೆದು ಅಂಚೆಗೆ ಹಾಕ್ತಾಳೆ ಅಕ್ಕಾ.”

“ಅಲ್ಲೇ ಒಂದು ಖಾತೆ ತೆಗೀಬೇಕಿತ್ತು.”

“ಅಲ್ಲಿನ ಬ್ಯಾಂಕಲ್ಲಿ ಕೇಳ್ದೆ. ಮನೆ, ಚೆಕ್ಕು ಎರಡೂ ಡೆಸ್ ಹೆಸರಲ್ಲಿದೆ, ನಿಮ್ಮ ಯಜಮಾನರೇ ಖುದ್ದಾಗಿ ಬರ್ಬೇಕು ಅಂದ್ರು.”

“ಸತ್ತೋನು ಹೆಂಗೆ ಬರ್ತಾನಂತೆ? ಹರಿದು ಬಿಸಾಕು ಅತ್ಲಾಗೆ!”

“ಆಗಲ್ಲಕ್ಕಾ. ಮೂಲೇಲಿ ಏನು ಬರ್ದಿದಾಳೆ ನೋಡು.”

ಅಕ್ಕ ಕನ್ನಡಕ ಏರಿಸಿ ಓದಿದಳು: “ಜುಲೈ ಬಾಡಿಗೆ. ಬೇಗ ಹುಷಾರಾಗಿ, ಡೆಸ್.”

“ಅಂಚೆಗೆ ಹಾಕಿ ಐದು ವಾರ ಆಗಿದೆ. ಅವರನ್ನ ಮಣ್ಣು ಮಾಡಿ ಮೂರು.”

ಕೌಂಟರಿನವನು ಕರೆದ. ಅಕ್ಕ ಚೆಕ್ಕನ್ನು ಮಡಚದೆ ತಂಗಿಯ ಕೈಚೀಲಕ್ಕಿಟ್ಟಳು. ಇಬ್ಬರೂ ಹೊರಗೆ ನಡೆದರು.