ಪೆಂಗ್ವಿನ್ ಬಾಣಂತನ

“ಅಷ್ಟು ದಿನ ಹೊಟ್ಟೆಗೇನೂ ಇಲ್ದೆ ಅದು ಎಂಗೆ ನಿಂತ್ಕಂಡಿತ್ತೋ?”

ಪೀಣ್ಯದ ಮೆಟ್ರೋ ನಿಲ್ದಾಣದ ಬೆಂಚಿನಲ್ಲಿ ಕುಳಿತಿದ್ದ ಹಿರಿಯಾಕೆ, ಮಂಜು ಕವಿದ ಆಕಾಶವನ್ನು ನೋಡುತ್ತ ತಮ್ಮಷ್ಟಕ್ಕೆ ಕೇಳಿದರು. ಪಕ್ಕದಲ್ಲಿದ್ದ ಅಳಿಯ ನಕ್ಕ.

“ನಿನ್ನೆ ನೋಡಿದ ಪೆಂಗ್ವಿನ್ ಡಾಕ್ಯುಮೆಂಟರಿ ಇನ್ನೂ ಕಣ್ಣಲ್ಲೇ ಇದೆಯಾ ಅತ್ತೆ?”

“ಐತೆ ಅಳಿಯಂದ್ರೆ. ಕಣ್ಣು ಮುಚ್ಚಿದ್ರೆ ಆ ಬೆಳ್ಳನೆ ಬಯಲೇ ಕಾಣ್ತದೆ. ಗಂಡುಗಳೆಲ್ಲ ಪಾದದ ಮೇಲೆ ಮೊಟ್ಟೆ ಇಟ್ಕಂಡು ತಪಸ್ಸಿಗೆ ನಿಂತಂಗೆ ನಿಂತವೆ. ಚೆನ್ನಾಗಿ ತೋರ್ಸವ್ರೆ. ಆ ಮಾತಾಡೋನು ಮಾತ್ರ ಸ್ವಲ್ಪ ಸುಮ್ನಿರ್ಬೇಕಿತ್ತು.”

“ಮಕ್ಕಳೂ ನೋಡ್ತಾರಲ್ಲ, ಅದಕ್ಕೇ ತಮಾಷೆ ಮಾಡ್ತಾನೆ. ನಾನೂ ಹಂಗೇ ನಿಲ್ತೀನಿ ಅತ್ತೆ. ಎರಡು ತಿಂಗಳು ರಜೆ ಕೇಳಿದ್ದೀನಿ. ಹೆರಿಗೆ ಆದ್ಮೇಲೆ ಕೃಪಾ ನಿಮ್ಮನೆಗೆ ಬರೋದು ಬೇಡ, ನಮ್ಮಲ್ಲೇ ಇರ್ಲಿ.”

“ಮೊಟ್ಟೆ ಇಟ್ಟೋಳು ಹಸ್ಕಂಡು ಸಮುದ್ರಕ್ಕೆ ಹೋದ್ಲಲ್ಲ, ಅವಳಿಗೆ ಬಿಸಿನೀರು ಯಾರು ಹುಯ್ದ್ರು? ಅದನ್ನ ತೋರ್ಸಲೇ ಇಲ್ಲ.”

“ನಾನೇ ಹುಯ್ತೀನಿ. ಒಂದ್ ತಿಂಗಳಾದ್ರೂ ಬಿಡಿ. ನನ್ನ ಮಗು ಮುಖ ನಾನು ಭಾನುವಾರ ಭಾನುವಾರ ಬಂದು ನೋಡ್ಬೇಕಾ?”

ರೈಲು ಬಂತು. ಹಿರಿಯಾಕೆ ಸೆರಗು ಸರಿಮಾಡಿಕೊಂಡು ಎದ್ದರು.

“ದಿನಾ ಬನ್ನಿ, ಬ್ಯಾಡ ಅನ್ನಲ್ಲ. ನನ್ನ ಮಗಳ ಬಾಣಂತನ ಮಾತ್ರ ನಿಮಗೆ ಬಿಟ್ಕೊಡಲ್ಲ.”